ಸಿರಿಗಿಂತ ಮುಂಚೆ ನರೆ ಬಂದಾಗ

ನಮ್ಮೂರಲ್ಲಿ, ನಮ್ಮ ಮನೆಯಿಂದ ನಾಲ್ಕನೇ ಮನೆಯಲ್ಲಿ ಇಬ್ಬರೇ ಇರುತ್ತಾರೆ. ಅತ್ತೆಗೆ 86 ವರ್ಷ, ಸೊಸೆಗೆ 62. ಸರ್ಕಾರದ ಲೆಕ್ಕದಲ್ಲಿ ಇಬ್ಬರೂ ಹಿರಿಯ ನಾಗರಿಕರು. ಸೊಸೆಯ ಗಂಡ ತೀರಿಕೊಂಡು ಆರು ವರ್ಷವಾಯಿತು. ಮಗ ಪುಣೆಯಲ್ಲಿದ್ದಾನೆ, ಮಗಳನ್ನು ಯಲ್ಲಾಪುರದ ಕಡೆ ಕೊಟ್ಟಿದೆ. ಸೊಸೆಯನ್ನು ನಾನು ಚಿಕ್ಕಮ್ಮ ಅಂತಲೇ ಕರೆಯೋದು.

ಅತ್ತೆಯನ್ನು ರಾತ್ರಿ ಎರಡು ಸಲ ಎಬ್ಬಿಸಿ ಬಚ್ಚಲಿಗೆ ಕರೆದುಕೊಂಡು ಹೋಗಬೇಕು. ಮಲೆನಾಡಿನ ಹಳೆಯ ಮನೆ, ಬಚ್ಚಲು ಹಿಂದುಗಡೆ, ಮೂರು ಮೆಟ್ಟಿಲು ಇಳಿಯಬೇಕು. ಚಿಕ್ಕಮ್ಮ ಗೋಡೆಗುಂಟ ಅಡಿಕೆ ಮರ ಸೀಳಿದ ದಬ್ಬೆ ಕಟ್ಟಿಸಿ ಹಿಡಿದುಕೊಳ್ಳಲು ಆಸರೆ ಮಾಡಿಸಿದ್ದಾರೆ. ಒಂದು ಮಾರು ಉದ್ದಕ್ಕೆ ಆ ದಬ್ಬೆ ಕೈ ತಾಗಿ ತಾಗಿ ನುಣ್ಣಗಾಗಿದೆ. ಹೋದ ಸಲ ಹೋದಾಗ ಗಮನಿಸಿದೆ, ದಬ್ಬೆ ಹಿಡಿದು ಮೆಟ್ಟಿಲು ಇಳಿಯುತ್ತಿದ್ದವರು ಅತ್ತೆ ಅಲ್ಲ, ಚಿಕ್ಕಮ್ಮ. "ನಂಗೂ ಮೊಣಕಾಲು ಬಗ್ಗೋದಿಲ್ಲ ಮಾರಾಯ" ಅಂದರು.

ಹಿರಿಯರ ಸಂಖ್ಯೆ ಹೆಚ್ಚುತ್ತಿದೆ ಎನ್ನುವ ಸುದ್ದಿಯನ್ನು ಎಲ್ಲೇ ಓದಿದರೂ ನನಗೆ ಮೊದಲು ಕಣ್ಣ ಮುಂದೆ ಬರುವುದು ಆ ದಬ್ಬೆ.

ಭಾರತ ಯುವಕರ ದೇಶ ಎಂದು ಕೇಳಿಕೊಂಡೇ ಬೆಳೆದವರು ನಾವು. ಅದು ಸುಳ್ಳಲ್ಲ, ಈಗಲೂ ದೇಶದ ಅರ್ಧದಷ್ಟು ಜನ 30ರ ಒಳಗಿನವರು. ಆದರೆ ಅದರ ಜೊತೆಗೇ ಇನ್ನೊಂದು ಲೆಕ್ಕವೂ ನಡೆಯುತ್ತಿದೆ. 2011ರ ಜನಗಣತಿಯಲ್ಲಿ 60 ದಾಟಿದವರು ಹತ್ತು ಕೋಟಿಗಿಂತ ಸ್ವಲ್ಪ ಜಾಸ್ತಿ, ಅಂದರೆ ನೂರಕ್ಕೆ ಎಂಟೂವರೆ ಜನ. 2022ರ ಅಂದಾಜಿನಲ್ಲಿ ಅದು ಸುಮಾರು 15 ಕೋಟಿ. 2050ರ ಹೊತ್ತಿಗೆ 34.7 ಕೋಟಿ ಆಗಬಹುದು ಎಂದು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ 2023ರಲ್ಲಿ ಹೊರತಂದ ಭಾರತದ ವರದಿ ಹೇಳುತ್ತದೆ. ಆಗ ಐವರಲ್ಲಿ ಒಬ್ಬರಿಗೆ 60 ದಾಟಿರುತ್ತದೆ. ಇದನ್ನು ಓದುತ್ತಿರುವ ನಿಮಗೆ ಈಗ 40ರ ಆಸುಪಾಸು ಇದ್ದರೆ ಆ ಐವರಲ್ಲಿ ಒಬ್ಬರು ನೀವೇ.

ಇದು ನಮ್ಮೊಬ್ಬರ ಕಥೆಯೂ ಅಲ್ಲ. 2050ರಲ್ಲಿ ಜಗತ್ತಿನಲ್ಲಿ 60 ದಾಟಿದವರು 210 ಕೋಟಿ ಇರುತ್ತಾರಂತೆ, ಅವರಲ್ಲಿ ನೂರಕ್ಕೆ 80 ಜನ ಇರುವುದು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ವೃದ್ಧರ ದೇಶ ಅಂದರೆ ಜಪಾನ್, ಇಟಲಿ ಅಂತ ನಮ್ಮ ತಲೆಯಲ್ಲಿ ಕೂತಿದೆ ಅಲ್ವಾ? ಶೇಕಡಾವಾರು ನೋಡಿದರೆ ಅದು ಸರಿಯೇ. ತಲೆ ಎಣಿಸಿದರೆ ಮುಪ್ಪಿನ ಜಾಗ ಆಗಲೇ ಬೇರೆ ಕಡೆಗೆ ಬಂದಾಗಿದೆ.

ನನ್ನನ್ನು ಜಾಸ್ತಿ ಕಾಡುವುದು ಸಂಖ್ಯೆಗಿಂತ ವೇಗ. ಜನಸಂಖ್ಯೆಯಲ್ಲಿ 65 ದಾಟಿದವರ ಪಾಲು ನೂರಕ್ಕೆ 7ರಿಂದ 14ಕ್ಕೆ ಏರಲು ಎಷ್ಟು ವರ್ಷ ಬೇಕಾಯಿತು ಎಂದು ಅಳೆಯುವ ಒಂದು ರೂಢಿ ಇದೆ. ಫ್ರಾನ್ಸಿಗೆ ಸುಮಾರು 115 ವರ್ಷ ಬೇಕಾಯಿತು, 1865ರಿಂದ 1980ರವರೆಗೆ. ಸ್ವೀಡನ್ನಿಗೆ 85 ವರ್ಷ. ಚೀನಾಕ್ಕೆ 20–25 ವರ್ಷದಲ್ಲೇ ಆಯಿತು. ಥಾಯ್ಲೆಂಡ್, ಬ್ರೆಜಿಲ್ ಕೂಡ ಇಪ್ಪತ್ತು ಚಿಲ್ಲರೆ ವರ್ಷದ ಲೆಕ್ಕದವು. ನಾವು ಈಗಷ್ಟೇ 7ರ ಗೆರೆ ದಾಟುತ್ತಿದ್ದೇವೆ, ಶತಮಾನದ ನಡುವಿನ ಹೊತ್ತಿಗೆ 14 ಮುಟ್ಟುತ್ತೇವೆ. ಫ್ರಾನ್ಸಿಗೆ ಸಿಕ್ಕ ಆ ನೂರು ವರ್ಷದಲ್ಲಿ ಅವರು ಪಿಂಚಣಿ ಕಟ್ಟಿಕೊಂಡರು, ಆಸ್ಪತ್ರೆ ಕಟ್ಟಿಕೊಂಡರು, ಮನೆಗೆ ಬಂದು ನೋಡಿಕೊಳ್ಳುವ ನರ್ಸುಗಳನ್ನು ತಯಾರು ಮಾಡಿದರು, ತಪ್ಪು ಮಾಡಿ ತಿದ್ದಿಕೊಳ್ಳಲಿಕ್ಕೂ ಅವರಿಗೆ ಪುರುಸೊತ್ತಿತ್ತು. ಅಲ್ಲಿ ಸಿರಿ ಮೊದಲು ಬಂತು, ಆಮೇಲೆ ನರೆ. ನಮ್ಮಲ್ಲಿ ಸಿರಿ ಇನ್ನೂ ದಾರಿಯಲ್ಲಿದೆ.

ಹೀಗೆ ಆಗಿದ್ದೇಕೆ? ಕಾರಣ ಕೆಟ್ಟದ್ದೇನಲ್ಲ. ಸ್ವಾತಂತ್ರ್ಯ ಬಂದಾಗ ನಮ್ಮ ಸರಾಸರಿ ಆಯಸ್ಸು 32ರ ಆಸುಪಾಸು, ಈಗ 70 ದಾಟಿದೆ. ಅಷ್ಟು ಕಡಿಮೆ ಇದ್ದದ್ದು ಎಲ್ಲರೂ ಮೂವತ್ತಕ್ಕೆ ಸಾಯುತ್ತಿದ್ದರು ಎಂದಲ್ಲ, ಹುಟ್ಟಿದ ಮಕ್ಕಳೇ ಉಳಿಯುತ್ತಿರಲಿಲ್ಲ. ಸಿಡುಬು ಹೋಯಿತು, ಲಸಿಕೆ ಬಂತು, ಭೇದಿಗೆ ಉಪ್ಪು ಸಕ್ಕರೆ ನೀರು ಕೊಟ್ಟು ಉಳಿಸಬಹುದು ಎಂದು ಗೊತ್ತಾಯಿತು. ಹಾಗೆ ಉಳಿದ ಮಕ್ಕಳೇ ಈಗ ಅಜ್ಜ ಅಜ್ಜಿ ಆಗಿರುವುದು. ಮಕ್ಕಳು ಉಳಿಯುತ್ತಾರೆ ಎಂದು ಗೊತ್ತಾದ ಮೇಲೆ ಜನ ಕಡಿಮೆ ಹೆರಲು ಶುರು ಮಾಡಿದರು. 1950ರ ದಶಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ ಆರರ ಹತ್ತಿರ ಮಕ್ಕಳು, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಎರಡು. ಕರ್ನಾಟಕದಲ್ಲಿ ಅದು 1.7. ಕೇರಳದಲ್ಲಿ 1.8. ಹೌದು, ಆ ಸಮೀಕ್ಷೆಯ ಲೆಕ್ಕದಲ್ಲಿ ನಾವು ಕೇರಳಕ್ಕಿಂತ ಕೆಳಗಿದ್ದೇವೆ. ವಯಸ್ಸಾಗುತ್ತಿರುವುದು ಕೇರಳಕ್ಕೆ, ನಮಗಿನ್ನೂ ಟೈಮಿದೆ ಅಂತ ಅಂದುಕೊಂಡಿದ್ದರೆ ಆ ಲೆಕ್ಕ ಬಿಡುವುದು ಒಳ್ಳೆಯದು.

ಇಲ್ಲಿ ಒಂದು ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಇದು ಚರ್ಚೆಗಳಲ್ಲಿ ತಪ್ಪಿಹೋಗುತ್ತದೆ. ಇವತ್ತು 80 ದಾಟಿದವರಿಗೆ ನಾಲ್ಕೈದು ಮಕ್ಕಳಿದ್ದಾರೆ. ಅಣ್ಣ ತಮ್ಮಂದಿರು ಪಾಳಿ ಹಾಕಿಕೊಂಡು ಎರಡು ತಿಂಗಳು ಇವನ ಮನೆ, ಎರಡು ತಿಂಗಳು ಅವನ ಮನೆ ಎಂದು ಅಪ್ಪ ಅಮ್ಮನನ್ನು ಇಟ್ಟುಕೊಳ್ಳುವುದನ್ನು ನೀವೂ ನೋಡಿರುತ್ತೀರಿ. ಆ ಪಾಳಿಯ ಬಗ್ಗೆ ಎಷ್ಟೋ ಬೇಸರದ ಮಾತುಗಳಿವೆ. ಆದರೆ ಪಾಳಿ ಹಾಕಲು ಜನವಾದರೂ ಇದ್ದಾರೆ. ಈಗ ನಲವತ್ತರಲ್ಲಿ ಇರುವವರಿಗೆ ಒಂದೋ ಎರಡೋ ಮಕ್ಕಳು, ಆ ಮಕ್ಕಳು ಊರಲ್ಲಿ ಇರುವುದಿಲ್ಲ ಎನ್ನುವುದು ಈಗಲೇ ಗೊತ್ತಿರುವ ಮಾತು. ಅಂದರೆ ನಾವು ಈಗ ನೋಡುತ್ತಿರುವ ಕಷ್ಟ ಬರೀ ಶುರು. ನಾಲ್ಕೈದು ಮಕ್ಕಳಿದ್ದ ತಲೆಮಾರಿಗೇ ಇಷ್ಟು ಕಷ್ಟವಾಗಿದೆ.

ಇದಕ್ಕೆ ಜಾಸ್ತಿ ಮಕ್ಕಳನ್ನು ಹೆರಬೇಕು ಎಂಬ ಉತ್ತರ ಈಚೆಗೆ ಕೇಳಿಬರುತ್ತಿದೆ. 2024ರ ಅಕ್ಟೋಬರಿನಲ್ಲಿ ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಹಾಗೆ ಹೇಳಿದರು. ಜನಸಂಖ್ಯೆ ಕಡಿಮೆಯಾದರೆ ಲೋಕಸಭೆಯ ಸೀಟೂ ಕಡಿಮೆಯಾಗುತ್ತದೆ ಎಂಬ ಭಯ ದಕ್ಷಿಣದವರಿಗೆ ಇದೆ, ಅದು ನ್ಯಾಯವಾದ ಭಯವೇ. ಆದರೆ ಮುಪ್ಪಿಗೆ ಮದ್ದು ಎಂದು ಇದನ್ನು ಹೇಳಿದರೆ ನಾನು ಒಪ್ಪುವುದಿಲ್ಲ. ಈಗಾಗಲೇ ಅತ್ತೆ, ಮಾವ, ಅಮ್ಮ, ಅಪ್ಪ ಎಲ್ಲರನ್ನೂ ನೋಡಿಕೊಳ್ಳುತ್ತಿರುವ ಹೆಂಗಸಿನ ಮೇಲೆಯೇ ಇನ್ನೆರಡು ಮಕ್ಕಳ ಕೆಲಸವನ್ನೂ ಹೇರಿದಂತೆ ಆಗುತ್ತದೆ. ಆ ಮಕ್ಕಳು ದುಡಿಯಲು ಶುರು ಮಾಡುವುದಕ್ಕೆ ಇನ್ನೂ ಇಪ್ಪತ್ತು ಇಪ್ಪತ್ತೈದು ವರ್ಷ ಬೇಕು.

ನನಗೆ ಅನಿಸುವುದು ಇಷ್ಟು. ಮುಪ್ಪಿನ ವಿಷಯದಲ್ಲಿ ನಮ್ಮ ಇಡೀ ವ್ಯವಸ್ಥೆ "ಮನೆಯವರು ನೋಡ್ಕೋತಾರೆ" ಎನ್ನುವ ಒಂದೇ ಮಾತಿನ ಮೇಲೆ ನಿಂತಿದೆ. ಸರ್ಕಾರ, ಕಾನೂನು, ಆಸ್ಪತ್ರೆ, ನೆಂಟರು ಎಲ್ಲರೂ ಅದನ್ನೇ ನಂಬಿಕೊಂಡಿದ್ದಾರೆ. ಆ 'ಮನೆಯವರು' ಯಾರು ಎಂದು ನೋಡಿದರೆ ಹೆಚ್ಚಿನ ಮನೆಗಳಲ್ಲಿ ಒಬ್ಬ ಸೊಸೆ, ಇಲ್ಲ ಒಬ್ಬ ಮಗಳು, ಇಲ್ಲ ಹೆಂಡತಿ. ಆ ಹೆಂಡತಿಗೂ ವಯಸ್ಸಾಗಿರುತ್ತದೆ. ಹೆಂಗಸರ ಆಯಸ್ಸು ಜಾಸ್ತಿ, ಮದುವೆಯಲ್ಲಿ ವಯಸ್ಸು ಚಿಕ್ಕದು. ಹಾಗಾಗಿ ಗಂಡನನ್ನು ಕೊನೆವರೆಗೂ ನೋಡಿಕೊಂಡವಳೇ ಕೊನೆಗೆ ಒಂಟಿ. 2011ರ ಜನಗಣತಿಯಲ್ಲಿ 60 ದಾಟಿದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ವಿಧವೆಯರು. ಗಂಡಸರಲ್ಲಿ ಹೆಂಡತಿ ತೀರಿಕೊಂಡವರು ನೂರಕ್ಕೆ 15ರಷ್ಟು.

ಮಲೆನಾಡಿನಲ್ಲಿ ಮಕ್ಕಳು ಓದಿ ಬೆಂಗಳೂರಿಗೆ, ಹೊರದೇಶಕ್ಕೆ ಹೋದರು, ಅಡಿಕೆ ತೋಟದ ಜೊತೆ ಅಪ್ಪ ಅಮ್ಮ ಉಳಿದರು. ಇದರ ಬಗ್ಗೆ ಸಾಕಷ್ಟು ಬರೆದಿದ್ದಾರೆ. ಅಷ್ಟಾಗಿ ಯಾರೂ ಬರೆಯದ ಇನ್ನೊಂದು ಕಡೆ ಇದೆ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಗುಳೆ ಹೋಗುತ್ತಾರೆ. ಬೆಂಗಳೂರಿನ ಕಟ್ಟಡಗಳಿಗೆ, ಪುಣೆ ಮುಂಬಯಿಗೆ. ಗಂಡ ಹೆಂಡತಿ ಇಬ್ಬರೂ ಹೋಗುತ್ತಾರೆ. ಊರಲ್ಲಿ ಉಳಿಯುವುದು ಮುದುಕರು ಮತ್ತು ಶಾಲೆಗೆ ಹೋಗುವ ಮೊಮ್ಮಕ್ಕಳು. ಅಲ್ಲಿ ಮುದುಕಿಯನ್ನು ನೋಡಿಕೊಳ್ಳುವವರು ಯಾರು ಎನ್ನುವ ಪ್ರಶ್ನೆಯೇ ಏಳುವುದಿಲ್ಲ, ಮುದುಕಿಯೇ ಮನೆ ನೋಡಿಕೊಳ್ಳುತ್ತಾಳೆ. ಹತ್ತು ವರ್ಷದ ಮೊಮ್ಮಗಳು ನೀರು ತರುತ್ತಾಳೆ, ಅಜ್ಜಿ ರೊಟ್ಟಿ ಬಡಿಯುತ್ತಾಳೆ.

ಈಗ ದುಡ್ಡಿನ ವಿಷಯ. ನಮ್ಮಲ್ಲಿ ದುಡಿಯುವವರಲ್ಲಿ ಹತ್ತಕ್ಕೆ ಒಂಬತ್ತು ಜನ ಅಸಂಘಟಿತ ಕೆಲಸದವರು. ಕೂಲಿ, ಹೊಲ, ಬೀದಿ ವ್ಯಾಪಾರ, ಮನೆಗೆಲಸ. ಇವರಿಗೆ ಪಿಎಫ್ ಇಲ್ಲ, ನಿವೃತ್ತಿ ಎನ್ನುವುದೂ ಇಲ್ಲ. ಕೈಲಾಗುವವರೆಗೆ ದುಡಿಯುವುದು, ಆಮೇಲೆ ವೃದ್ಧಾಪ್ಯ ವೇತನಕ್ಕೆ ಅರ್ಜಿ. ಕೇಂದ್ರ ಸರ್ಕಾರ 1995ರಲ್ಲಿ ಬಡ ವೃದ್ಧರಿಗೆ ತಿಂಗಳಿಗೆ 75 ರೂಪಾಯಿ ಕೊಡಲು ಶುರು ಮಾಡಿತು. 2006ರಲ್ಲಿ ಅದು 200 ಆಯಿತು. 60ರಿಂದ 79 ವರ್ಷದವರಿಗೆ ಕೇಂದ್ರದ ಪಾಲು ಆವತ್ತಿನಿಂದ ಇಲ್ಲಿಯವರೆಗೆ ಅದೇ 200. ಎಂಬತ್ತು ದಾಟಿದರೆ 500. 2025–26ರಲ್ಲಿ ಕರ್ನಾಟಕದಲ್ಲಿ ನರೇಗಾದ ಒಂದು ದಿನದ ಕೂಲಿ 370 ರೂಪಾಯಿ ಇತ್ತು. ಎಂಬತ್ತು ತುಂಬದವರ ಒಂದು ತಿಂಗಳ ಪಿಂಚಣಿಗೆ ಕೇಂದ್ರ ಕೊಡುವ ಪಾಲು ಒಂದು ದಿನದ ಕೂಲಿಯಷ್ಟೂ ಇಲ್ಲ. ಅದೂ ದೇಶದಲ್ಲಿ ಸುಮಾರು 2.2 ಕೋಟಿ ಜನಕ್ಕೆ ಮಾತ್ರ.

ರಾಜ್ಯಗಳು ತಮ್ಮ ದುಡ್ಡು ಸೇರಿಸುತ್ತವೆ. ಕರ್ನಾಟಕದಲ್ಲಿ 2007ರಲ್ಲಿ ಶುರುವಾದ ಸಂಧ್ಯಾ ಸುರಕ್ಷಾದಲ್ಲಿ 65 ದಾಟಿದವರಿಗೆ ಈಗ ತಿಂಗಳಿಗೆ 1,200 ರೂಪಾಯಿ ಬರುತ್ತದೆ. ದಿನಕ್ಕೆ 40 ರೂಪಾಯಿ. ಇದನ್ನು ಸಣ್ಣದು ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆ ದುಡ್ಡು ಬಂದ ದಿನ ಮೊಮ್ಮಗನ ಕೈಗೆ ಹತ್ತು ರೂಪಾಯಿ ಕೊಡುವ ಅಜ್ಜಿಯ ಮುಖ ನೋಡಿದವರಿಗೆ ಅದರ ಬೆಲೆ ಗೊತ್ತು. ಮನೆಯಲ್ಲಿ ಮಾತಿಗೆ ಒಂದು ತೂಕ ಬರುತ್ತದೆ. ಆದರೆ ಬಿಪಿ, ಸಕ್ಕರೆ ಕಾಯಿಲೆ ಎರಡೂ ಇದ್ದವರಿಗೆ ತಿಂಗಳ ಮಾತ್ರೆಗೇ ಅದು ಮುಗಿದುಹೋಗುತ್ತದೆ.

ಅದನ್ನು ಪಡೆಯುವುದೂ ಸುಲಭವಿಲ್ಲ. ವರಮಾನದ ಸರ್ಟಿಫಿಕೇಟು, ಆಧಾರ್, ಬ್ಯಾಂಕ್ ಖಾತೆ, ನಾಡಕಚೇರಿಗೆ ನಾಲ್ಕು ಸಲ ಅಲೆದಾಟ. ಅದೆಲ್ಲ ಆಗಿ ದುಡ್ಡು ಬಂದ ಮೇಲೆ ಹೆಬ್ಬೆಟ್ಟಿನ ಸಮಸ್ಯೆ. ನನ್ನ ಅಜ್ಜಿಯದೇ ಹೇಳುತ್ತೇನೆ. ಜೀವನಪೂರ್ತಿ ಅಡಿಕೆ ಸುಲಿದ ಕೈ, ಬೆರಳಿನ ಗೆರೆ ಪೂರ್ತಿ ಸವೆದಿತ್ತು. ಮಷೀನಿನ ಮೇಲೆ ಹೆಬ್ಬೆರಳು ಇಟ್ಟರೆ ತೆಗೆದುಕೊಳ್ಳುತ್ತಿರಲಿಲ್ಲ. ಒರೆಸಿ ಇಟ್ಟರು, ಎಣ್ಣೆ ಹಚ್ಚಿ ಇಟ್ಟರು, ಒಂದೊಂದಾಗಿ ಹತ್ತೂ ಬೆರಳು ಇಡಿಸಿದರು. ಕೊನೆಗೆ "ನಾಳೆ ಬನ್ನಿ ಅಜ್ಜಿ" ಎಂದರು. ಮನೆಗೆ ಬರುವ ದಾರಿಯುದ್ದಕ್ಕೂ ಅಜ್ಜಿ ತನ್ನ ಬೆರಳನ್ನೇ ನೋಡಿಕೊಳ್ಳುತ್ತಾ ಬಂದಳು, ಏನೋ ತಪ್ಪು ಮಾಡಿದವಳ ಹಾಗೆ. ಈಗ ಮುಖ ನೋಡಿ ಗುರುತು ಹಿಡಿಯುವ ವ್ಯವಸ್ಥೆ ಬಂದಿದೆ. ಅದು ಪ್ರತಿ ಹಳ್ಳಿಗೂ ಬೇಗ ಮುಟ್ಟಬೇಕು.

ಬಡ ದೇಶದ ಕೈಯಲ್ಲಿ ಇದಕ್ಕಿಂತ ಜಾಸ್ತಿ ಆಗುವುದಿಲ್ಲ ಎನ್ನುವವರು ಪಕ್ಕದ ನೇಪಾಳವನ್ನು ನೋಡಬೇಕು. ತಲಾ ಆದಾಯದಲ್ಲಿ ನಮಗಿಂತ ಬಡ ದೇಶ ಅದು. 1995ರ ಹೊತ್ತಿಗೆ ಅಲ್ಲಿಯೂ 75 ದಾಟಿದವರಿಗೆ ತಿಂಗಳಿಗೆ ನೂರು ರೂಪಾಯಿ ಎಂದು ಶುರುವಾಯಿತು. ಈಗ 68 ದಾಟಿದವರಿಗೆ ತಿಂಗಳಿಗೆ 4,000 ನೇಪಾಳಿ ರೂಪಾಯಿ, ನಮ್ಮ ಲೆಕ್ಕದಲ್ಲಿ 2,500. ಬಿಪಿಎಲ್ ಕಾರ್ಡ್ ಇದೆಯಾ ಎಂದು ಅದಕ್ಕೆ ಯಾರೂ ಕೇಳುವುದಿಲ್ಲ, ನೋಡುವುದು ಮುಖ್ಯವಾಗಿ ವಯಸ್ಸನ್ನೇ. ಎರಡೂ ದೇಶಗಳು ಹೆಚ್ಚುಕಡಿಮೆ ಒಂದೇ ಕಾಲಕ್ಕೆ, ಒಂದೇ ಥರದ ಸಣ್ಣ ಮೊತ್ತದಿಂದ ಹೊರಟವು. ಮೂವತ್ತು ವರ್ಷದಲ್ಲಿ ಅವರು ಎಲ್ಲಿ, ನಾವು ಎಲ್ಲಿ ಎಂದು ನೋಡಿದರೆ ನನಗೆ ಬೇಜಾರಾಗುತ್ತದೆ.

ಆರೋಗ್ಯದ್ದು ಇನ್ನೊಂದು ಥರದ ತೊಡಕು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳು, ಆಶಾ ಕಾರ್ಯಕರ್ತೆಯರು, ಎಲ್ಲವನ್ನೂ ಕಟ್ಟಿದ್ದು ಮುಖ್ಯವಾಗಿ ತಾಯಿ ಮತ್ತು ಮಗುವಿಗಾಗಿ. ಅದು ಆ ಕಾಲಕ್ಕೆ ಬೇಕೇ ಬೇಕಾಗಿತ್ತು, ಅದು ಗೆದ್ದಿದ್ದರಿಂದಲೇ ಇಷ್ಟು ಜನ ಬದುಕಿ ಮುದುಕರಾಗಿದ್ದಾರೆ. ಆದರೆ ಮುಪ್ಪಿನ ಕಾಯಿಲೆ ಬೇರೆ. ಬಂದು ಹೋಗುವುದಿಲ್ಲ, ಬಂದರೆ ಜೊತೆಗೇ ಇರುತ್ತದೆ. ಮಂಡಿ ನೋವು, ಕಣ್ಣಿನ ಪೊರೆ, ಕಿವಿ ಕೇಳಿಸದಿರುವುದು, ಬಿದ್ದು ಸೊಂಟ ಮುರಿದುಕೊಳ್ಳುವುದು. 2024ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ 70 ದಾಟಿದ ಎಲ್ಲರಿಗೂ, ಆದಾಯ ನೋಡದೆ, ಆಯುಷ್ಮಾನ್ ಭಾರತ್ ಅಡಿಯಲ್ಲಿ ವರ್ಷಕ್ಕೆ ಐದು ಲಕ್ಷದವರೆಗಿನ ಚಿಕಿತ್ಸೆ ಕೊಡಲು ಶುರು ಮಾಡಿತು. ಒಳ್ಳೆಯ ಕೆಲಸ. ಆದರೆ ಅದು ಆಸ್ಪತ್ರೆಗೆ ಸೇರಿದರೆ ಮಾತ್ರ. ಪ್ರತಿ ತಿಂಗಳ ಮಾತ್ರೆ, ಡಾಕ್ಟರ ಫೀಸು, ಆಟೋ ಖರ್ಚು, ಜೊತೆಗೆ ಬಂದವರ ಒಂದು ದಿನದ ಕೂಲಿ, ಇವೆಲ್ಲ ಕೈಯಿಂದಲೇ ಹೋಗಬೇಕು. ದುಡ್ಡು ಜಾಸ್ತಿ ಸೋರುವುದು ಇಲ್ಲೇ.

ಮರೆವಿನ ಕಾಯಿಲೆಯ ಬಗ್ಗೆ ಒಂದು ಮಾತು ಹೇಳಲೇಬೇಕು. "ಅರವತ್ತಕ್ಕೆ ಅರಳು ಮರಳು" ಎನ್ನುವ ಗಾದೆಯನ್ನು ನಾವು ಎಷ್ಟು ಸಲೀಸಾಗಿ ಹೇಳುತ್ತೇವೆ ನೋಡಿ. ಅಜ್ಜ ಸಂಜೆ ಹೊತ್ತು ಸ್ವಂತ ಮನೆಯಲ್ಲೇ ಕೂತು "ನಮ್ಮನೆಗೆ ಹೋಗ್ಬೇಕು" ಎಂದು ಹಟ ಮಾಡಿದರೆ, ಉಂಡ ಅರ್ಧ ಗಂಟೆಗೆ "ಊಟ ಹಾಕ್ಲಿಲ್ಲ" ಎಂದು ಪಕ್ಕದ ಮನೆಯವರಿಗೆ ಹೇಳಿದರೆ, ವಯಸ್ಸಾಯ್ತು ಬಿಡಿ ಎಂದು ಸುಮ್ನೆ ಆಗುತ್ತೇವೆ. ಊಟ ಹಾಕಿದ ಸೊಸೆಗೆ ಕೆಟ್ಟ ಹೆಸರು ಬರುತ್ತದೆ. ಅದು ಮೆದುಳಿನ ಕಾಯಿಲೆ, ಅದಕ್ಕೆ ಡಿಮೆನ್ಷಿಯಾ ಎನ್ನುತ್ತಾರೆ. 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನವೊಂದರ ಪ್ರಕಾರ 60 ದಾಟಿದವರಲ್ಲಿ ನೂರಕ್ಕೆ 7.4 ಜನರಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಇದು ಇದೆ. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಜಾಸ್ತಿ. ಅದೇ ಲೆಕ್ಕವನ್ನು ತಿರುಗಿಸಿ ಓದಿದರೆ ನೂರರಲ್ಲಿ 92 ಜನರಿಗೆ ಇಲ್ಲ. ಅಂದಮೇಲೆ ವಯಸ್ಸಾದವರಿಗೆಲ್ಲ ಬರುವಂಥದ್ದು ಎನ್ನುವುದು ತಪ್ಪು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ, ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದವರು 45 ದಾಟಿದ ಸಾವಿರಾರು ಜನರನ್ನು ವರ್ಷಗಟ್ಟಲೆ ಪರೀಕ್ಷೆ ಮಾಡುತ್ತಾ, ಯಾರಿಗೆ ಯಾಕೆ ಮರೆವು ಬರುತ್ತದೆ ಎಂದು ಹುಡುಕುತ್ತಿದ್ದಾರೆ. ನಮ್ಮ ಹಳ್ಳಿಯ ಜನರ ಮೆದುಳಿನ ಬಗ್ಗೆ ನಮ್ಮಲ್ಲೇ ಇಂಥ ಕೆಲಸ ನಡೆಯುತ್ತಿರುವುದು ನನಗೆ ತುಂಬಾ ಖುಷಿಯ ವಿಷಯ.

ಕಾನೂನಿನ ಬಗ್ಗೆ ಬೇಗ ಹೇಳಿಬಿಡುತ್ತೇನೆ, ಉಪಯೋಗಕ್ಕೆ ಬರುತ್ತದೆ. 2007ರ ಹಿರಿಯ ನಾಗರಿಕರ ಕಾಯ್ದೆಯಡಿ ನೋಡಿಕೊಳ್ಳದ ಮಕ್ಕಳ ಮೇಲೆ ಉಪವಿಭಾಗಾಧಿಕಾರಿಯ (ಎಸಿ) ಆಫೀಸಿನಲ್ಲಿ ದೂರು ಕೊಡಬಹುದು. ಅಲ್ಲಿ ತಿಂಗಳಿಗೆ ಹತ್ತು ಸಾವಿರದವರೆಗೆ ಜೀವನಾಂಶ ಕೊಡಿಸುವ ಅಧಿಕಾರ ಇದೆ. ಆಸ್ತಿ ಬರೆದುಕೊಟ್ಟ ಮೇಲೆ ಮಕ್ಕಳು ಕೈಬಿಟ್ಟರೆ ದಾನಪತ್ರ ರದ್ದು ಮಾಡಿಸಲೂ ಅವಕಾಶ ಇದೆ. ಆದರೆ ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಕೊಟ್ಟಿರಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2025ರ ಜನವರಿಯಲ್ಲಿ ಅದೇ ಕೋರ್ಟ್ ಈ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕು ಎಂದಿತು. ಏನೇ ಇರಲಿ, ಮನೆಯಲ್ಲಿ ಯಾರಾದರೂ ದಾನಪತ್ರ ಮಾಡಿಸುತ್ತಿದ್ದರೆ "ಜೀವ ಇರುವವರೆಗೆ ನೋಡಿಕೊಳ್ಳಬೇಕು" ಎಂಬ ಸಾಲನ್ನು ಪತ್ರದಲ್ಲೇ ಬರೆಸಿ. ದೂರು, ಸಲಹೆಗೆ 14567 ಎಂಬ ಸಹಾಯವಾಣಿ ಇದೆ. ಆದರೆ ಈ ಕಾನೂನೂ ನಂಬಿರುವುದು ಮನೆಯವರನ್ನೇ. ಮಗನಿಗೇ 62 ಆಗಿದ್ದರೆ, ಮಗನಿಗೇ ಕೂಲಿ ಇಲ್ಲದಿದ್ದರೆ, ಎಸಿ ಸಾಹೇಬರು ಯಾರಿಂದ ಏನು ಕೊಡಿಸುತ್ತಾರೆ?

ಹಾಗಾದರೆ ಮನೆಯವರನ್ನು ಬಿಟ್ಟು ಬೇರೆ ಯಾರು? ವೃದ್ಧಾಶ್ರಮ ಎಲ್ಲರಿಗೂ ಅಲ್ಲ, ಅಷ್ಟು ಕಟ್ಟಲೂ ಆಗುವುದಿಲ್ಲ. ಬಹುಪಾಲು ಹಿರಿಯರಿಗೆ ಬೇಕಾಗಿರುವುದು ತಮ್ಮ ಮನೆಯಲ್ಲೇ ಇರುವುದು, ಮನೆಯವರಿಗೆ ಬೇಕಾಗಿರುವುದು ಒಂದು ಕೈ. ಆ ಕೈ ಎಲ್ಲಿಂದ ಬರಬಹುದು ಎನ್ನುವುದಕ್ಕೆ ನನ್ನ ಮಟ್ಟಿಗೆ ಅತಿ ಒಳ್ಳೆಯ ಉದಾಹರಣೆ ಪಕ್ಕದ ಕೇರಳ. 1993ರಲ್ಲಿ ಕೋಝಿಕ್ಕೋಡಿನಲ್ಲಿ ಕೆಲವು ಡಾಕ್ಟರುಗಳು ಕ್ಯಾನ್ಸರ್ ರೋಗಿಗಳ ನೋವು ಕಡಿಮೆ ಮಾಡಲು ಒಂದು ಸಂಘ ಕಟ್ಟಿದರು. ಆಮೇಲೆ ಊರೂರಲ್ಲಿ ಸ್ವಯಂಸೇವಕರು ಸೇರಿಕೊಂಡರು. ಹಾಸಿಗೆ ಹಿಡಿದ ಮುದುಕರೂ ಅದರೊಳಗೆ ಬಂದರು. 2008ರಲ್ಲಿ ಅಲ್ಲಿನ ಸರ್ಕಾರ ಅದನ್ನು ನೀತಿಯಾಗಿ ಒಪ್ಪಿಕೊಂಡಿತು. ಅಲ್ಲಿಂದ ಪಂಚಾಯ್ತಿ ದುಡ್ಡಿನಲ್ಲೇ ನರ್ಸ್ ಒಬ್ಬರು ಮನೆಮನೆಗೆ ಹೋಗಿ ಹುಣ್ಣು ತೊಳೆಯುವುದು, ಮೂತ್ರದ ನಳಿಕೆ (ಕ್ಯಾತಿಟರ್) ಬದಲಿಸುವುದು, ನೋಡಿಕೊಳ್ಳುವವರಿಗೆ ಮಗ್ಗುಲು ಬದಲಿಸುವುದು ಹೇಗೆಂದು ಕಲಿಸುವುದು, ಇವೆಲ್ಲ ನಡೆದುಕೊಂಡು ಬಂದಿದೆ. ಥಾಯ್ಲೆಂಡಿನಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಹಳ್ಳಿ ಆರೋಗ್ಯ ಸ್ವಯಂಸೇವಕರು ಇದ್ದಾರೆ, ಮನೆಯಲ್ಲೇ ಇರುವ ವೃದ್ಧರನ್ನು ಹೋಗಿ ನೋಡುವುದೂ ಅವರ ಕೆಲಸವೇ. ನಮ್ಮಲ್ಲಿ ಗ್ರಾಮ ಪಂಚಾಯ್ತಿಗಳು ಕೂಲಿ ಮಾಡುವ ತಾಯಂದಿರ ಮಕ್ಕಳಿಗೆ ಕೂಸಿನ ಮನೆ ನಡೆಸುತ್ತಿವೆ. ಅಂಥದ್ದೇ ಒಂದು ಜಾಗ ಹಗಲು ಹೊತ್ತು ಹಿರಿಯರಿಗೂ ಇದ್ದರೆ ಎಷ್ಟೋ ಹೆಂಗಸರಿಗೆ ಕೆಲಸಕ್ಕೆ ಹೋಗಲು ಆಗುತ್ತದೆ. ಊರಿನ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು, ಗೌರವಧನ ಎಂದು ಏನೋ ಒಂದಿಷ್ಟು ಕೊಟ್ಟು ಕಳಿಸದೆ ಸರಿಯಾದ ಸಂಬಳ ಕೊಟ್ಟರೆ, ಈ ಕೆಲಸವೇ ಹಳ್ಳಿಯಲ್ಲಿ ಸಾವಿರಾರು ಜನರಿಗೆ ಉದ್ಯೋಗ.

ಚಿಕ್ಕಮ್ಮನಿಗೆ ಕೇರಳದ ಆ ನರ್ಸುಗಳ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. "ಅವರು ಮೀಯಿಸ್ತಾರಾ?" ಎಂದರು. ನನಗೆ ಒಮ್ಮೆಲೇ ಅರ್ಥವಾಗಲಿಲ್ಲ. "ಅಲ್ಲ ಮಾರಾಯ, ಬೇರೆಲ್ಲ ನಾನೇ ಮಾಡ್ತೆ. ಅತ್ತೆಗೆ ಮೀಯಿಸುವಾಗ ಎತ್ತಿ ಕೂರಿಸಬೇಕಲ್ಲ, ಅದೊಂದು ಆಗೋದಿಲ್ಲ. ವಾರಕ್ಕೆ ಎರಡು ಸಲ ಯಾರಾದ್ರೂ ಬಂದು ಹಿಡಿದುಕೊಂಡ್ರೆ ಸಾಕಿತ್ತು."